ಗೃಹಸ್ಥರ ಪುಟ: ಹಿಮ ಬೀಳುವ ಕಡಲೂರಿನಲ್ಲಿ ಬಾಡಿಗೆಯ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಬಾಡಿಗೆಯ ಮನೆಯನ್ನು ಹುಡುಕಿ ನೋಡು ಎಂದು ಅವರು ಹೇಳದೆ ಬಿಟ್ಟುದು, ಆ ಕಾಲದಲ್ಲಿ ಅಂತಹ ಪ್ರಮೇಯ ವಿರಳವಾಗಿದ್ದುದರಿಂದಲೇ ಇರಬೇಕು. ಈಗಲಾದರೋ ನಮ್ಮ ಮಕ್ಕಳು ಉದ್ಯೋಗನಿಮಿತ್ತವಾಗಿ ಸಮುದ್ರವನ್ನು ದಾಟಿ ನೆಲೆಸುತ್ತಾರೆ. ಅವರ ಬಾಡಿಗೆಯ ಮನೆಯ ಚಿಂತೆ ಇಲ್ಲಿ ತಂದೆತಾಯಿಗಳ ನಿದ್ರೆಯನ್ನು ಕೆಡಿಸುತ್ತದೆ.

ತುಮಕೂರಿನ ಕಡೆಯ ವಾಚಕ ಮಹಾಶಯರೊಬ್ಬರು ನನಗೆ ಹೀಗೆ ಬರೆದಿರುತ್ತಾರೆ: ‘ಚಿರಂಜೀವಿಗೆ ಅಮೆರಿಕದ ಬಾಸ್ಟನ್ ನಗರಕ್ಕೆ ಹೊಂದಿರುವ ಕೇಂಬ್ರಿಡ್ಜಿನಲ್ಲಿ ಕೆಲಸವಾಗಿದೆ. ಸೊಸೆಯೂ ನಾಲ್ಕು ವರ್ಷದ ಮೊಮ್ಮಗಳೂ ಜೊತೆಯಲ್ಲಿ ಹೋಗುತ್ತಾರೆ. ದಕ್ಷಿಣದ ಕಡಲಂಚಿನ ಸಿಚುಯೆಟ್ ಎಂಬ ಊರಿನಲ್ಲಿ ಒಂದು ಮನೆಯ ಚಿತ್ರಗಳನ್ನು ನೋಡಿ ಮೆಚ್ಚಿದ್ದಾರೆ. ಜಗಲಿಯಿಂದಲೇ ಸಮುದ್ರ ಕಾಣುತ್ತದಂತೆ. ತಾವು ಆ ಸೀಮೆಯನ್ನು ಕಂಡವರು; ಒಪ್ಪಬಹುದೇ?’

ಮಗಳ ಮನೆಯಲ್ಲಿ ಎರಡು ಚಳಿಗಾಲಗಳನ್ನು ಆ ಕರಾವಳಿಯಲ್ಲಿ ಕಳೆದವನಾದುದರಿಂದ ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಸ್ವಲ್ಪ ಅಧಿಕಾರವುಂಟೆಂದು ಭಾವಿಸುತ್ತೇನೆ.

ಬಾಸ್ಟನ್ನಿನ ದಕ್ಷಿಣಕ್ಕೆ ಕಡಲನ್ನು ಅನುಸರಿಸಿ ಕ್ವಿನ್ಸಿ, ವೇಮತ್, ಹಿಂಗಮ್, ಕೊಹಾಸೆಟ್, ಸಿಚುಯೆಟ್ ಎಂಬ ಊರುಗಳು ಸಾಲಾಗಿವೆ. ಬೇಸಗೆಯಲ್ಲಿ ಇವು ಬಹು ರಮಣೀಯವಾದುವು. ಆ ಪ್ರಾಂತದಲ್ಲಿ ಮನೆಯ ಕರಾರುಗಳು ಬಹಳಷ್ಟು ಸೆಪ್ಟೆಂಬರ್ ೧ರಿಂದ ಆರಂಭವಾಗುವುದರಿಂದ, ಜನರು ಮನೆಯನ್ನು ನೋಡುವುದೂ ಒಪ್ಪುವುದೂ ಬೇಸಗೆಯಲ್ಲಿಯೇ. ಗ್ರೀಷ್ಮದಲ್ಲಿ ಕಣ್ಣಿಗೊಪ್ಪಿದ ಮನೆಯಲ್ಲಿ ಶಿಶಿರವನ್ನು ಕಳೆಯಬೇಕಾಗುತ್ತದೆ ಎಂಬುದನ್ನು ಆಗ ಯಾರೂ ನೆನೆಯುವುದಿಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅಂತಹ ಊರಿನಲ್ಲಿ ದಾರಿಯೂ ಬೆಚ್ಚನೆಯೂ ವಿಶೇಷ್ಯಗಳು. ಕಡಲಿನ ನೋಟವು ಕೇವಲ ವಿಶೇಷಣ. ವಿಶೇಷಣವನ್ನು ಬಿಟ್ಟರೂ ವಾಕ್ಯವು ನಿಲ್ಲುತ್ತದೆ. ವಿಶೇಷ್ಯವಿಲ್ಲದೆ ನಿಲ್ಲಲಾರದು.

ಮೊದಲು ದಾರಿಯ ವಿಚಾರ. ಬಾಸ್ಟನ್ನಿನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ ಸುಮಾರು ೪೯ ಅಂಗುಲ ಹಿಮ ಬೀಳುತ್ತದೆ. ೨೦೧೪-೧೫ರ ಚಳಿಗಾಲದಲ್ಲಿ ೧೧೦ ಅಂಗುಲವನ್ನೂ ಮೀರಿ ಬಿದ್ದಿತು. ೨೦೧೫ನೆಯ ಫೆಬ್ರವರಿ ೧೦ರಂದು ನಗರದ ರೈಲುಗಳೆಲ್ಲವೂ ನಿಂತುವು. ಅಂತಹ ವಿಪತ್ತು ಅಪರೂಪ. ಆದರೆ ಸಾಮಾನ್ಯ ಹಿಮದ ದಿನಗಳಲ್ಲಿಯೂ ಮನೆಗೂ ನಿಲ್ದಾಣಕ್ಕೂ ನಡುವಣ ದೂರವೇ ದೊಡ್ಡ ಪರೀಕ್ಷೆ. ಕ್ವಿನ್ಸಿಯಿಂದ ‘ರೆಡ್ ಲೈನ್’ ಎಂಬ ನಗರದ ರೈಲು ಗಾಡಿಯನ್ನು ಬದಲಿಸದೆಯೇ ಕೇಂಬ್ರಿಡ್ಜಿಗೆ ಕರೆದೊಯ್ಯುತ್ತದೆ. ಸಿಚುಯೆಟ್ಟಿಗೆ ೨೦೦೭ರಿಂದ ಗ್ರೀನ್‌ಬುಷ್ ಶಾಖೆಯ ರೈಲುಂಟು. ಆದರೆ ಅದರ ಗಾಡಿಗಳು ವಿರಳ, ಬಾಸ್ಟನ್ನಿನಲ್ಲಿಳಿದು ಮತ್ತೊಂದನ್ನು ಹಿಡಿಯಬೇಕು. ಬೆಳಗಿನ ಗಾಡಿ ತಪ್ಪಿದರೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಗಂಡನು ಕಾರನ್ನು ನಿಲ್ದಾಣದಲ್ಲಿ ಬಿಟ್ಟು ಹೋದರೆ, ಹೆಂಡತಿಯೂ ಮಗುವೂ ಸಂಜೆಯವರೆಗೆ ಮನೆಯಲ್ಲಿ ಬಂದಿಗಳಾದಂತೆ. ಆದುದರಿಂದ ಅಂಗಡಿ, ವೈದ್ಯ, ರೈಲು ಈ ಮೂರೂ ಕಾಲ್ನಡಿಗೆಗೆ ಎಟಕುವುವೇ ಎಂದು ಮೊದಲು ಕೇಳತಕ್ಕದ್ದು. ಕಾರಿಗೆ ಮನೆಯ ಅಂಗಳದಲ್ಲಿ ಸ್ಥಳವಿದೆಯೇ ಎಂಬುದೂ ಮುಖ್ಯ. ಹಿಮ ತಳ್ಳುವ ಬಂಡಿಗಳು ಓಡಾಡಲೆಂದು ಚಳಿಗಾಲದ ರಾತ್ರಿ ಬೀದಿಯಲ್ಲಿ ಕಾರು ನಿಲ್ಲಿಸುವುದನ್ನು ಅನೇಕ ಊರುಗಳು ನಿಷೇಧಿಸುತ್ತವೆ. ಮೆಟ್ಟಿಲಿನ ಮೇಲಣ ಹಿಮವನ್ನು ಸನಿಕೆಯಿಂದ ತೆಗೆಯುವ ಭಾರ ಯಾರದೆಂಬುದನ್ನು ಕರಾರಿನಲ್ಲಿಯೇ ನೋಡಿಕೊಳ್ಳಬೇಕು.

ಎರಡನೆಯದು ಸಮುದ್ರ. ಚಳಿಗಾಲದಲ್ಲಿ ಅಲ್ಲಿ ಈಶಾನ್ಯದಿಂದ ಬೀಸುವ ಬಿರುಗಾಳಿಗಳು ಕಡಲನ್ನು ದಡದ ಮೇಲಕ್ಕೆ ನೂಕುತ್ತವೆ. ಅದು ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದೊಡನೆ ಕೂಡಿದರೆ ನೀರು ಬೀದಿಗೆ ನುಗ್ಗುತ್ತದೆ. ೧೯೭೮ನೆಯ ಫೆಬ್ರವರಿ ೬-೭ರ ಮಹಾಹಿಮಪಾತವು ಅಮಾವಾಸ್ಯೆಯ ಉಬ್ಬರದೊಡನೆ ಬಂದು, ಸಿಚುಯೆಟ್ ಮೊದಲಾದ ಊರುಗಳ ಕಡಲಂಚಿನ ಮನೆಗಳನ್ನು ಧ್ವಂಸಮಾಡಿತು. ೨೦೧೮ನೆಯ ಜನವರಿ ೪ರಂದು ಬಾಸ್ಟನ್ ಬಂದರಿನಲ್ಲಿ ಉಬ್ಬರವು ಆ ೧೯೭೮ರ ಮಟ್ಟವನ್ನೂ ಮೀರಿತು. ಅದೇ ವರ್ಷ ಮಾರ್ಚ್ ೨ರಂದು, ನಾವಿಲ್ಲಿ ಹೋಳಿಹುಣ್ಣಿಮೆಯನ್ನು ಆಚರಿಸುತ್ತಿದ್ದಾಗ, ಕ್ವಿನ್ಸಿಯ ತಗ್ಗುಬೀದಿಗಳ ಜನರನ್ನು ನೀರಿನಿಂದ ಎತ್ತಿ ತರಬೇಕಾಯಿತು. ಕ್ವಿನ್ಸಿಯಾದ ಮಾತ್ರಕ್ಕೆ ನಿರ್ಭಯವಲ್ಲ, ಸಿಚುಯೆಟ್ ಆದ ಮಾತ್ರಕ್ಕೆ ಭಯವೂ ಅಲ್ಲ; ಒಂದೇ ಊರಿನಲ್ಲಿ ದಿಬ್ಬದ ಮನೆ ಬೇರೆ, ತಗ್ಗಿನ ಮನೆ ಬೇರೆ. ಸರ್ಕಾರದವರು ಪ್ರವಾಹದ ನಕ್ಷೆಗಳನ್ನು ಪ್ರಕಟಿಸಿದ್ದಾರೆ. ಅದನ್ನು ನೋಡಿ, ೨೦೧೮ರಲ್ಲಿ ಈ ಬೀದಿಗೆ ನೀರು ಬಂದಿತ್ತೇ ಎಂದು ನೆರೆಹೊರೆಯವರನ್ನು ಕೇಳಬೇಕು. ಬಾಡಿಗೆದಾರರ ಸಾಮಾನ್ಯ ವಿಮೆಯು ಪ್ರವಾಹದ ನಷ್ಟವನ್ನು ತುಂಬಿಕೊಡುವುದಿಲ್ಲವೆಂಬುದೂ ನೆನಪಿರಲಿ.

ಮೂರನೆಯದು ಬೆಚ್ಚನೆ. ಇದೇ ಎಲ್ಲಕ್ಕಿಂತ ಗುರುತರವಾದ ವಿಚಾರ. ಅಲ್ಲಿಯ ಮನೆಗಳನ್ನು ಎಣ್ಣೆಯಿಂದಲೋ ಗ್ಯಾಸಿನಿಂದಲೋ ವಿದ್ಯುತ್ತಿನಿಂದಲೋ ಕಾಯಿಸುತ್ತಾರೆ. ಸೆಪ್ಟೆಂಬರ್ ೧೫ರಿಂದ ಮೇ ೩೧ರವರೆಗೆ ಹಗಲಿನಲ್ಲಿ ಫ್ಯಾರನ್‌ಹೀಟ್ ೬೮ ಡಿಗ್ರಿಯೂ ರಾತ್ರಿ ೬೪ ಡಿಗ್ರಿಯೂ ಮನೆಯೊಳಗೆ ಶಾಖವಿರಬೇಕೆಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ನಿಯಮವಿದೆ. ಇಂಧನದ ಖರ್ಚು ಬಾಡಿಗೆದಾರನದೆಂದು ಕರಾರಿನಲ್ಲಿ ಬರೆದಿರದಿದ್ದರೆ ಅದು ಯಜಮಾನನದೇ. ಬರೆದಿದ್ದರೆ, ಕಳೆದ ಚಳಿಗಾಲದ ಲೆಕ್ಕವನ್ನು ತೋರಿಸೆಂದು ಕೇಳುವುದರಲ್ಲಿ ಸಂಕೋಚ ಕೂಡದು. ಬಾಡಿಗೆ ಕಡಿಮೆಯೆಂದು ಹಿಗ್ಗಿದ ಮನೆಯು ಎಣ್ಣೆಯ ಲೆಕ್ಕ ಬಂದಾಗ ದುಬಾರಿಯಾಗುವುದುಂಟು. ಗಾಳಿಗೆ ಮರಗಳು ಬಿದ್ದು ವಿದ್ಯುತ್ತು ನಿಂತರೆ ಎಣ್ಣೆಯ ಒಲೆಯೂ ಸಾಮಾನ್ಯವಾಗಿ ಆರಿಹೋಗುತ್ತದೆ. ಅದನ್ನು ನಡೆಸುವುದಕ್ಕೂ ವಿದ್ಯುತ್ತೇ ಬೇಕು.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೊಂದುಂಟು. ೨೦೦೫ನೆಯ ಜನವರಿಯಲ್ಲಿ, ಅದೇ ಕರಾವಳಿಯ ಪ್ಲಿಮತ್ ಊರಿನಲ್ಲಿ, ಒಲೆಯ ಹೊಗೆ ಹೊರಹೋಗುವ ಕಂಡಿಯು ಹಿಮದಿಂದ ಮುಚ್ಚಿಹೋಗಿ ವಿಷವಾಯು ಮನೆಯೊಳಗೇ ತುಂಬಿಕೊಂಡಿತು. ಏಳು ವರ್ಷದ ಬಾಲಿಕೆಯೊಬ್ಬಳು ಪ್ರಾಣಬಿಟ್ಟಳು. ಆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ತಿಳಿಯುವುದೇ ಇಲ್ಲ. ಆ ಮಗುವಿನ ಮರಣದ ತರುವಾಯ ಅಲ್ಲಿ ಕಾಯಿದೆಯಾಗಿ, ಇಂಧನ ಉರಿಯುವ ಮನೆಗಳಲ್ಲಿ ಈ ಅನಿಲವನ್ನು ಕಂಡು ಕೂಗುವ ಗಂಟೆಯಿರಬೇಕೆಂದು ೨೦೦೬ರಿಂದ ಕಡ್ಡಾಯಮಾಡಿದರು. ತಮ್ಮ ಚಿರಂಜೀವಿಯು ಮನೆಯನ್ನು ನೋಡಲು ಹೋದ ದಿನ ಜಗಲಿಗೆ ಹೋಗುವ ಮುನ್ನ ಈ ಗಂಟೆಯನ್ನು ಒತ್ತಿ ನೋಡಲಿ. ಹೊಗೆಯ ಕಂಡಿಯು ಹೊರಗೋಡೆಯಲ್ಲಿ ಎಲ್ಲಿದೆಯೆಂದು ಗುರುತಿಟ್ಟುಕೊಳ್ಳಲಿ. ಹಿಮ ಬಿದ್ದ ದಿನ ಮೆಟ್ಟಿಲಿಗಿಂತ ಮೊದಲು ಆ ಕಂಡಿಯನ್ನು ಬಿಡಿಸಬೇಕೆಂಬುದನ್ನು ಸೊಸೆಗೂ ತಿಳಿಸಿರಬೇಕು.

ಮಗುವಿನ ನಿಮಿತ್ತ ಇನ್ನೆರಡು ಮಾತು. ೧೯೭೮ಕ್ಕಿಂತ ಹಿಂದಿನ ಮನೆಗಳಲ್ಲಿ ಸೀಸ ಬೆರೆತ ಬಣ್ಣವಿರುವ ಸಂಭವವುಂಟು. ಆರು ವರ್ಷದೊಳಗಿನ ಮಕ್ಕಳು ವಾಸಿಸುವ ಮನೆಯಲ್ಲಿ ಆ ಅಪಾಯವನ್ನು ನಿವಾರಿಸುವುದು ಯಜಮಾನನ ಹೊಣೆ. ಮಗುವಿದೆಯೆಂಬ ಕಾರಣದಿಂದ ಮನೆಯನ್ನು ನಿರಾಕರಿಸುವಂತಿಲ್ಲ. ಎರಡನೆಯದಾಗಿ, ಸರ್ಕಾರಿ ಪಾಠಶಾಲೆಯ ಪ್ರವೇಶವು ಸಾಮಾನ್ಯವಾಗಿ ವಾಸದ ಊರನ್ನನುಸರಿಸಿ ದೊರೆಯುತ್ತದೆ. ಆದುದರಿಂದ ಊರಿನ ಆಯ್ಕೆಯೇ ಶಾಲೆಯ ಆಯ್ಕೆ.

ಹಣದ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಯಜಮಾನನು ಆರಂಭದಲ್ಲಿ ಮೊದಲ ತಿಂಗಳ ಬಾಡಿಗೆ, ಕೊನೆಯ ತಿಂಗಳ ಬಾಡಿಗೆ, ಒಂದು ತಿಂಗಳ ಬಾಡಿಗೆಯನ್ನು ಮೀರದ ಠೇವಣಿ, ಹೊಸ ಬೀಗದ ವೆಚ್ಚ ಇವಿಷ್ಟನ್ನೇ ಕೇಳಬಹುದು. ೨೦೨೫ನೆಯ ಆಗಸ್ಟ್ ೧ರಿಂದ ದಳ್ಳಾಳಿಯನ್ನು ನೇಮಿಸಿದವರೇ ಅವನ ಹಣವನ್ನು ಕೊಡತಕ್ಕದ್ದು.

ಇನ್ನು ಕಾಗದ ಬರೆದ ಮಹಾಶಯರಿಗೆ ನನ್ನ ಉತ್ತರ: ಮೊದಲನೆಯ ವರ್ಷ ಸಿಚುಯೆಟ್ಟಿನ ಆ ಮನೆ ಬೇಡ. ಕ್ವಿನ್ಸಿಯಲ್ಲಿ, ಉಬ್ಬರದ ನೀರು ಮುಟ್ಟದ ಎತ್ತರದಲ್ಲಿ, ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆಯೊಳಗೆ, ಸಾಧಾರಣವಾದುದಾದರೂ ಬೆಚ್ಚಗಿರುವ ಎರಡು ಕೋಣೆಗಳ ಮನೆಯನ್ನು ಹಿಡಿಯಲಿ. ಗಂಡನು ಕೆಲಸಕ್ಕೆ ಹೋದ ಮೇಲೆ ಹೊಸ ದೇಶದಲ್ಲಿ ಮಗುವಿನೊಡನೆ ಒಬ್ಬಳೇ ಉಳಿಯುವ ಹೆಣ್ಣುಮಗಳಿಗೆ ಅಲ್ಲಿ ಅಂಗಡಿಗೆ ಹೋಗಿಬರುವ ಸ್ವಾತಂತ್ರ್ಯವಿರುತ್ತದೆ; ನೆರೆಯವರ ಬಾಗಿಲೂ ಹತ್ತಿರವಿರುತ್ತದೆ. ಕಡಲನ್ನು ರಜೆಯ ದಿನ ಹೋಗಿ ನೋಡಿಬರಬಹುದು. ಒಂದು ಶಿಶಿರವನ್ನು ಕಳೆದ ಬಳಿಕವೂ ಆ ಜಗಲಿಯೇ ಬೇಕೆನ್ನಿಸಿದರೆ, ಫೆಬ್ರವರಿ ತಿಂಗಳಿನಲ್ಲಿ ಒಂದು ಹುಣ್ಣಿಮೆಯ ದಿನ ಹೋಗಿ ಅದನ್ನು ನೋಡಿ, ಆಮೇಲೆ ಕರಾರಿಗೆ ರುಜು ಹಾಕಲಿ. ಆ ತಿಂಗಳ ಹುಣ್ಣಿಮೆ ಎಂದೆಂಬುದನ್ನು ತಾವು ಇಲ್ಲಿಂದಲೇ ಪಂಚಾಂಗ ನೋಡಿ ಬರೆದು ಕಳುಹಿಸಬಹುದು.