ಅಜ್ಜಿ ಉಳಿಸಿದ ಚಕ್ಕೋತ



ಬೂದಿಗೆರೆಯ ನಮ್ಮ ಮನೆಯ ಹಿರಿಯಜ್ಜಿ ಈಚೆಗೆ ತೀರಿಕೊಂಡರು. ಓದು ಬರಹ ಬಾರದಿದ್ದರೂ ಪಂಚಾಂಗದ ತಿಥಿಗಳೆಲ್ಲ ಅವರ ಬಾಯಲ್ಲೇ ಇರುತ್ತಿದ್ದವು. ಪುಷ್ಯ ಶುದ್ಧ ಷಷ್ಠಿಗೆ ಘಾಟಿ ಸುಬ್ರಹ್ಮಣ್ಯನ ತೇರು ತಪ್ಪಿಸಿದವರಲ್ಲ. ಅಲ್ಲಿ ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ನರಸಿಂಹನನ್ನು ಹಿಂದಿನ ಕನ್ನಡಿಯಲ್ಲೇ ನೋಡಬೇಕು. ಆ ನೂಕುನುಗ್ಗಲಲ್ಲೂ ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನೇ ಎತ್ತಿ, “ಕಂಡ್ನಾ ಸ್ವಾಮಿ? ಕಾಣ್ದಿದ್ರೆ ಕಂಡೆ ಅನ್ಬೇಡ” ಎನ್ನುತ್ತಿದ್ದರು.

ತಾವು ಉಪವಾಸವಿದ್ದ ದಿನವೂ ಕೂಲಿಯಾಳುಗಳಿಗೆ ಮುದ್ದೆ, ಉಪ್ಸಾರು ಬಡಿಸಿದ ಮೇಲೆಯೇ ದೇವರ ಮುಂದೆ ಕೂರುತ್ತಿದ್ದರು. ನನ್ನ ಲೆಕ್ಕದಲ್ಲಿ ಅವರ ಪೂಜೆ ಶುರುವಾಗುತ್ತಿದ್ದುದೇ ಆ ಬಡಿಸುವಿಕೆಯಿಂದ.

ಹಿತ್ತಲಲ್ಲಿ ದೇವನಹಳ್ಳಿ ಚಕ್ಕೋತದ ಹಳೆಯ ಮರವಿದೆ. ಈ ಹಣ್ಣಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಆದರೆ ಮರಗಳೇ ಕಡಿಮೆಯಾಗುತ್ತಿವೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತೆಲ್ಲ ಲೇಔಟ್ ಎದ್ದವು. ಮನೆಯವರೂ ಕೊಡಲಿ ಹುಡುಕಿದ್ದುಂಟು. “ಮೊದಲ ಹಣ್ಣು ದೇವ್ರದು, ಎರಡನೇದು ನೆರೆಯವ್ರದು. ಕಡಿಯಾಕೆ ನೀವ್ಯಾರು?” ಎಂದು ಅಜ್ಜಿ ಅಡ್ಡ ನಿಂತರು.

ಈ ಮಳೆಗಾಲದಲ್ಲಿ ಆ ಮರಕ್ಕೆ ಗೂಟಿ ಕಟ್ಟಿ ಸಸಿ ಮಾಡುತ್ತಿದ್ದೇವೆ. ಹಿತ್ತಲಿದ್ದು, ನೀರು ಹಾಕುವ ಮನಸ್ಸಿರುವ ಊರವರು ಬಂದು ಒಯ್ಯಲಿ, ದುಡ್ಡು ಬೇಡ.

– ಓದುಗರೊಬ್ಬರು, ಬೂದಿಗೆರೆ, ದೇವನಹಳ್ಳಿ ತಾಲ್ಲೂಕು