ಮರಳಿ ಬರುವವರ ನಿರೀಕ್ಷೆ

ಹೊಸದೊಂದು ಕಥೆಯನ್ನು ಕೇಳಬೇಕೆಂಬ ಕುತೂಹಲ ಒಂದು ಬಗೆಯದು. ಬಹುಕಾಲದ ಹಿಂದೆ ಕಂಡು ಮೆಚ್ಚಿದವರನ್ನು ಇನ್ನೊಮ್ಮೆ ಕಾಣಬೇಕೆಂಬ ಹಂಬಲ ಬೇರೊಂದು ಬಗೆಯದು. ಅಮೆರಿಕದ ಅತಿಮಾನುಷ ವೀರರ ಚಲಚ್ಚಿತ್ರಗಳಿಗಾಗಿ ನಾನಾ ದೇಶಗಳ ತರುಣರು ತಿಂಗಳುಗಟ್ಟಲೆ ಕಾದು ಕುಳಿತಿರುವುದನ್ನು ಕಂಡು ನಮ್ಮ ವಾಚಕರಾದ ಗೃಹಸ್ಥರಲ್ಲಿ ಹಲವರು ನಕ್ಕಿರಲೂಬಹುದು. ಗೋಡೆ ಹತ್ತುವವನನ್ನೂ ಆಕಾಶದಲ್ಲಿ ಹಾರುವವನನ್ನೂ ನೋಡಲು ಇಷ್ಟು ಸಡಗರವೇಕೆ ಎಂದು ಕೇಳಿರಲೂಬಹುದು. ಆದರೆ ಆ ಸಡಗರವನ್ನು ಸ್ವಲ್ಪ ವಿಚಾರಿಸಿ ನೋಡಿದರೆ, ಅದರಲ್ಲಿ ಮೇಲೆ ಹೇಳಿದ ಎರಡನೆಯ ಬಗೆಯ ಹಂಬಲವೇ ಹೆಚ್ಚಾಗಿರುವುದು ಕಂಡುಬರುತ್ತದೆ. ಆದುದರಿಂದ ಈ ತಿಂಗಳು ಅದನ್ನೇ ನಮ್ಮ ವಿಷಯವಾಗಿ ತೆಗೆದುಕೊಂಡಿದ್ದೇವೆ.

ಉದಾಹರಣೆಗೆ ಸ್ಪೈಡರ್-ಮ್ಯಾನ್ ಎಂಬ ಜೇಡ-ಮನುಷ್ಯನ ಕಥೆಯನ್ನೇ ನೋಡೋಣ. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ ಎಂಬವರು 1962ರಲ್ಲಿ ಚಿತ್ರಕಥೆಯ ಪತ್ರಿಕೆಯೊಂದರಲ್ಲಿ ಸೃಷ್ಟಿಸಿದ ಈ ವೀರನು ನಿಜದಲ್ಲಿ ಪೀಟರ್ ಪಾರ್ಕರ್ ಎಂಬ ಬಡ ವಿದ್ಯಾರ್ಥಿ. ತಂದೆತಾಯಿಗಳಿಲ್ಲದೆ ಚಿಕ್ಕಪ್ಪ ಚಿಕ್ಕಮ್ಮಂದಿರ ಆಶ್ರಯದಲ್ಲಿ ಬೆಳೆದವನು. ಇವನ ಪಾತ್ರವನ್ನು ಟೋಬಿ ಮಗ್ವಾಯರ್ ಎಂಬ ನಟನು 2002, 2004 ಮತ್ತು 2007ರ ಮೂರು ಚಿತ್ರಗಳಲ್ಲಿ ವಹಿಸಿದನು. ನಾಲ್ಕನೆಯ ಚಿತ್ರದ ಸಿದ್ಧತೆ 2010ರಲ್ಲಿ ನಿಂತುಹೋಯಿತು. ಬಳಿಕ ಆಂಡ್ರ್ಯೂ ಗಾರ್‌ಫೀಲ್ಡ್ ಎಂಬವನು ಅದೇ ಪಾತ್ರವನ್ನು 2012 ಮತ್ತು 2014ರ ಎರಡು ಚಿತ್ರಗಳಲ್ಲಿ ವಹಿಸಿದನು. ಅವನಿಗೂ ಮೂರನೆಯದು ದಕ್ಕಲಿಲ್ಲ. 2016ರಿಂದ ಟಾಮ್ ಹಾಲೆಂಡ್ ಎಂಬ ಮೂರನೆಯವನು ಬಂದನು. ಒಬ್ಬೊಬ್ಬನ ಕಥೆಯೂ ಬೇರೆ ಬೇರೆ. ಹಿಂದಿನ ಇಬ್ಬರ ಕಥೆಗಳಿಗೂ ತಕ್ಕ ಮಂಗಳವಾಗದೆ, ಆಡುತ್ತಿದ್ದ ನಾಟಕಕ್ಕೆ ನಡುವೆಯೇ ಪರದೆ ಬಿದ್ದಂತಾಗಿತ್ತು.

ಇವರನ್ನೆಲ್ಲ ಒಂದೆಡೆ ಸೇರಿಸುವುದು ಸುಲಭವಾಗಿರಲಿಲ್ಲ. ಮಾರ್ವೆಲ್ ಸಂಸ್ಥೆಯ ವೀರರ ಚಿತ್ರದ ಹಕ್ಕುಗಳು ಹಿಂದೆಯೇ ಹಲವರ ಪಾಲಾಗಿದ್ದುವು. ಜೇಡ-ಮನುಷ್ಯನು ಸೋನಿ ಸಂಸ್ಥೆಗೆ, ಎಕ್ಸ್-ಮೆನ್ ಎಂಬ ವೀರಸಮೂಹವು ಫಾಕ್ಸ್ ಸಂಸ್ಥೆಗೆ ಸಂದಿದ್ದರು. ಒಂದು ಅವಿಭಕ್ತ ಕುಟುಂಬದ ಜಮೀನು ಪಾಲಾಗಿ, ದಾಯಾದಿಗಳ ನಡುವೆ ಬೇಲಿ ಎದ್ದಂತೆ ಇದು. 2015ರಲ್ಲಿ ಸೋನಿ ಮತ್ತು ಮಾರ್ವೆಲ್ ಸಂಸ್ಥೆಗಳು ಒಪ್ಪಂದ ಮಾಡಿಕೊಂಡುವು. 2019ರಲ್ಲಿ ಮಾರ್ವೆಲಿನ ಒಡೆತನವುಳ್ಳ ಡಿಸ್ನಿ ಸಂಸ್ಥೆಯು ಫಾಕ್ಸಿನ ಚಿತ್ರಶಾಲೆಯನ್ನು ಕೊಂಡುಕೊಂಡಿತು. ಬೇಲಿಗಳು ಒಂದೊಂದಾಗಿ ಬಿದ್ದಮೇಲೆ, ಬೇರೆ ಬೇರೆ ಕಥಾಸರಣಿಗಳ ವೀರರು ಒಂದೇ ಕಥೆಯಲ್ಲಿ ಸಂಧಿಸುವ ಸಮಾಗಮಚಿತ್ರಗಳು ಸಾಧ್ಯವಾದುವು. ಪರಸ್ಪರ ಸಂಬಂಧವಿಲ್ಲದ ಅನೇಕ ವಿಶ್ವಗಳು ಏಕಕಾಲದಲ್ಲಿ ಇವೆಯೆಂಬ ಕಲ್ಪನೆಯೇ ಇವುಗಳಿಗೆ ಆಧಾರ. ಅನಂತಕೋಟಿ ಬ್ರಹ್ಮಾಂಡಗಳೆಂಬ ಮಾತನ್ನು ಕೇಳಿಕೊಂಡು ಬೆಳೆದ ನಮ್ಮವರಿಗೆ ಇದೇನೂ ಹೊಸದಲ್ಲ.

2021ರಲ್ಲಿ ‘ಸ್ಪೈಡರ್-ಮ್ಯಾನ್: ನೋ ವೇ ಹೋಮ್’ ಎಂಬ ಚಿತ್ರವು ಬರಲಿದೆಯೆಂದು ತಿಳಿದಾಗ ಎದ್ದ ಪ್ರಶ್ನೆ ಒಂದೇ: ಹಿಂದಿನ ಇಬ್ಬರೂ ಬರುವರೆ? ಆ ವರ್ಷದ ಆಗಸ್ಟ್ ತಿಂಗಳಲ್ಲಿ ಹೊರಬಿದ್ದ ಮುನ್ನೋಟದ ತುಣುಕನ್ನು ಒಂದೇ ದಿನದಲ್ಲಿ ಜನರು 35 ಕೋಟಿಗೂ ಹೆಚ್ಚು ಸಲ ನೋಡಿದರು. ನವೆಂಬರಿನಲ್ಲಿ ಬಂದ ಎರಡನೆಯ ತುಣುಕಿನ ಬ್ರೆಜಿಲ್ ದೇಶದ ಪ್ರತಿಯಲ್ಲಿ, ಹಲ್ಲಿಯ ರೂಪದ ಖಳನೊಬ್ಬನ ತಲೆ ಕಾಣದ ಕೈಯೊಂದರ ಹೊಡೆತ ತಿಂದಂತೆ ಹಿಂದಕ್ಕೆ ತಿರುಗಿದುದನ್ನು ಅಭಿಮಾನಿಗಳು ಪತ್ತೆ ಹಚ್ಚಿದರು. ಹೊಡೆದವನನ್ನು ಚಿತ್ರದಿಂದ ಅಳಿಸಿದ್ದಾರೆ, ಅವನೇ ನಮ್ಮವನು ಎಂದು ಸಾಧಿಸಿದರು. ತಾಳೆಯೋಲೆಯಲ್ಲಿ ಹುಳು ತಿಂದ ಅಕ್ಷರವನ್ನು ಊಹಿಸುವ ಪಂಡಿತರಿಗೂ ಇದಕ್ಕಿಂತ ಹೆಚ್ಚಿನ ಶ್ರದ್ಧೆಯಿರಲಾರದು. ಇತ್ತ ಗಾರ್‌ಫೀಲ್ಡನು ಸಂದರ್ಶನಗಳಲ್ಲಿ ತಾನು ಆ ಚಿತ್ರದಲ್ಲಿಲ್ಲವೆಂದು ತಿಂಗಳುಗಟ್ಟಲೆ ಹೇಳುತ್ತಲೇ ಬಂದನು. ಅದು ಸುಳ್ಳು, ಆದರೆ ದೀಪಾವಳಿಗೆ ತಂದ ಹೊಸ ಬಟ್ಟೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಈ ಸಲ ಏನೂ ತಂದಿಲ್ಲವೆಂದು ಮಕ್ಕಳಿಗೆ ಹೇಳುವ ತಂದೆಯ ಸುಳ್ಳಿನ ಜಾತಿಗೆ ಸೇರಿದುದು.

ಈ ಕಾತರಕ್ಕೆ ನಮ್ಮ ಆಲಂಕಾರಿಕರು ಹೆಸರಿಟ್ಟಿದ್ದಾರೆ. ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಔತ್ಸುಕ್ಯವೆಂಬುದೂ ಒಂದು. ವಿಳಂಬವನ್ನು ಸಹಿಸಲಾರದ ಮನಸ್ಸಿನ ಸ್ಥಿತಿಯೇ ಅದು. ಅದಕ್ಕೆ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳುವ ಕಾರಣವು ವಿಚಾರಯೋಗ್ಯವಾದುದು. ಇಷ್ಟಜನರ ಅಗಲಿಕೆಯನ್ನು ನೆನೆಯುವುದರಿಂದ ಔತ್ಸುಕ್ಯ ಹುಟ್ಟುತ್ತದೆಂದು ಆತನು ಹೇಳುತ್ತಾನೆ. ಮುಂದೆ ಬರಲಿರುವುದಕ್ಕಾಗಿ ಪಡುವ ಆತುರದ ಬೇರು ಹಿಂದೆ ಕಳೆದುಕೊಂಡುದರಲ್ಲಿದೆ ಎಂಬುದು ಇದರ ತಾತ್ಪರ್ಯ. 2002ರಲ್ಲಿ ಹತ್ತು ವರ್ಷದ ಬಾಲಕನಾಗಿ ಮಗ್ವಾಯರನನ್ನು ನೋಡಿದವನು 2021ರಲ್ಲಿ ಇಪ್ಪತ್ತೊಂಬತ್ತು ವರ್ಷದ ಗೃಹಸ್ಥ. ಅಂದು ಪಕ್ಕದಲ್ಲಿ ಕುಳಿತಿದ್ದ ಅಣ್ಣ ಈಗ ದೂರದೇಶದಲ್ಲಿರಬಹುದು. ಕೈಹಿಡಿದು ಚಿತ್ರಮಂದಿರಕ್ಕೆ ಕರೆದೊಯ್ದ ತಂದೆ ಈಗ ಇಲ್ಲದೆ ಇರಬಹುದು. ಅವನು ಕಾದದ್ದು ಜೇಡ-ಮನುಷ್ಯನಿಗಾಗಿ ಮಾತ್ರವೆಂದು ಹೇಳುವುದು ಹೇಗೆ?

ಮತ್ತೆ ಕಂಡಾಗ ಆಗುವುದೇನು ಎಂಬುದನ್ನೂ ನಮ್ಮ ಶಾಸ್ತ್ರಕಾರರು ಬಿಡಿಸಿದ್ದಾರೆ. ಹಿಂದೆ ಬೇರೊಂದೆಡೆ ಕಂಡಿದ್ದ ದೇವದತ್ತನನ್ನು ಇಂದು ಇಲ್ಲಿ ಕಂಡು, ಅವನೇ ಇವನು ಎಂದು ಗುರುತಿಸುವುದಕ್ಕೆ ಪ್ರತ್ಯಭಿಜ್ಞೆಯೆಂದು ಹೆಸರು. ಅದರಲ್ಲಿ ‘ಅವನು’ ಎಂಬ ಅಂಶ ನೆನಪಿನದು, ‘ಇವನು’ ಎಂಬ ಅಂಶ ಕಣ್ಣೆದುರಿನದು. ವೇದಾಂತಿಗಳು ಅಂದಿನ ದೇಶಕಾಲಗಳನ್ನೂ ಇಂದಿನ ದೇಶಕಾಲಗಳನ್ನೂ ಬಿಟ್ಟು, ಉಳಿದ ದೇವದತ್ತನೊಬ್ಬನನ್ನೇ ಹಿಡಿಯಬೇಕೆನ್ನುತ್ತಾರೆ. ಚಿತ್ರಮಂದಿರದ ಪ್ರೇಕ್ಷಕನು ಮಾತ್ರ ಎರಡನ್ನೂ ಬಿಡಲೊಲ್ಲನು. ಆ ಚಿತ್ರದಲ್ಲಿ ಮಗ್ವಾಯರನು ವೀರವೇಷವಿಲ್ಲದೆ ಸಾಧಾರಣ ಉಡುಪಿನಲ್ಲಿ ಬಂದು ನಿಲ್ಲುತ್ತಾನೆ, ವಯಸ್ಸು ನಲವತ್ತಾರು. ಬೆನ್ನು ನೋಯುತ್ತದೆಂದು ಹೇಳಿದಾಗ ಗಾರ್‌ಫೀಲ್ಡನು ಅವನ ಬೆನ್ನಿನ ನೆಟಿಗೆ ತೆಗೆಯುತ್ತಾನೆ. ಜನರು ನಕ್ಕರು. ಅಂದಿನ ಹುಡುಗನಿಗೆ ಬೆನ್ನುನೋವು ಬರುವಷ್ಟು ಕಾಲ ತಮಗೂ ಕಳೆದಿದೆಯೆಂಬ ಅರಿವು ಆ ನಗೆಯಲ್ಲಿ ಸೇರಿತ್ತು.

ಇನ್ನು ಮರಳಿ ಬಂದವರಿಗೆ ಅಲ್ಲಿ ಕೆಲಸವೇನಿತ್ತು ಎಂಬುದನ್ನು ನೋಡಬೇಕು. 2014ರ ಚಿತ್ರದಲ್ಲಿ ಗಾರ್‌ಫೀಲ್ಡನ ವೀರನು ಎತ್ತರದಿಂದ ಬೀಳುತ್ತಿದ್ದ ತನ್ನ ಪ್ರಿಯತಮೆಯನ್ನು ಉಳಿಸಲಾರದೆ ಹೋಗಿದ್ದನು. ಏಳು ವರ್ಷಗಳ ಬಳಿಕ ಈ ಚಿತ್ರದಲ್ಲಿ ಕಿರಿಯ ವೀರನ ಪ್ರಿಯತಮೆ ಹಾಗೆಯೇ ಬೀಳುತ್ತಾಳೆ. ಅವಳನ್ನು ಹಿಡಿದುಕೊಳ್ಳುವವನು ಗಾರ್‌ಫೀಲ್ಡನೇ. ಹಿಡಿದಮೇಲೆ ಅವನ ಕಣ್ಣಲ್ಲಿ ನೀರು ತುಂಬುತ್ತದೆ. ಕಿರಿಯವನು ಕ್ರೋಧದಿಂದ ಖಳನನ್ನು ಕೊಲ್ಲಹೊರಟಾಗ ಮಗ್ವಾಯರನು ಒಂದು ಮಾತನ್ನೂ ಆಡದೆ ಆ ಕೈಯನ್ನು ತಡೆಯುತ್ತಾನೆ. ಇಬ್ಬರೂ ಮುಖ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುವುದಕ್ಕಾಗಿ ಬಂದವರಲ್ಲ. ಹಳೆಯ ಸಾಲವೊಂದನ್ನು ತೀರಿಸಿ, ಕಿರಿಯನಿಗೆ ಹಿರಿಯರಾಗಿ ಹೋದರು. ಚಿತ್ರವು ಲೋಕದಲ್ಲೆಲ್ಲ ಗಳಿಸಿದ್ದು 190 ಕೋಟಿ ಡಾಲರುಗಳಿಗೂ ಮೇಲೆ. ಬಿಡುಗಡೆಯ ರಾತ್ರಿ ಈ ಇಬ್ಬರು ನಟರೂ ಟೋಪಿ ಮುಖಗವಸುಗಳನ್ನು ಧರಿಸಿ, ಯಾರಿಗೂ ತಿಳಿಯದಂತೆ ಪ್ರೇಕ್ಷಕರ ನಡುವೆ ಕುಳಿತು ನೋಡಿದರೆಂದು ಗಾರ್‌ಫೀಲ್ಡನೇ ಆಮೇಲೆ ಹೇಳಿದನು. ಯಾರಿಗಾಗಿ ಜನ ಕಾದಿದ್ದರೋ ಅವರೂ ಕಾದವರೇ ಆಗಿದ್ದರೆಂಬುದು ನಮಗೆ ಬಹಳ ಹಿಡಿಸಿತು.

ಆದರೆ ಹಂಬಲವಿದ್ದೆಡೆ ವ್ಯಾಪಾರವೂ ಬರುತ್ತದೆ. 2025ರ ಮಾರ್ಚ್ 26ರಂದು ‘ಅವೆಂಜರ್ಸ್: ಡೂಮ್ಸ್‌ಡೇ’ ಎಂಬ ಸಮಾಗಮಚಿತ್ರದ ನಟವರ್ಗವನ್ನು ಮಾರ್ವೆಲ್ ಸಂಸ್ಥೆಯು ಪ್ರಕಟಿಸಿದ ರೀತಿಯನ್ನು ನೋಡಿರಿ. ಬೆನ್ನಿನ ಮೇಲೆ ಹೆಸರು ಬರೆದ ಕುರ್ಚಿಗಳನ್ನು ಒಂದಾದಮೇಲೊಂದರಂತೆ ತೋರಿಸುತ್ತ ಐದು ಗಂಟೆಗಳಿಗೂ ಹೆಚ್ಚು ಕಾಲ ಕಳೆದರು, ಕುರ್ಚಿಗಳು ಇಪ್ಪತ್ತೇಳು. 2000ದಲ್ಲಿ ಬಂದ ಮೊದಲ ಎಕ್ಸ್-ಮೆನ್ ಚಿತ್ರದ ಪ್ಯಾಟ್ರಿಕ್ ಸ್ಟೂವರ್ಟ್ ಮತ್ತು ಇಯಾನ್ ಮೆಕೆಲನ್ ಅವರ ಹೆಸರುಗಳೂ ಅವುಗಳಲ್ಲಿದ್ದುವು. ಇಬ್ಬರೂ ಎಂಬತ್ತು ದಾಟಿದ ವೃದ್ಧರು. ಬರಿಯ ಕುರ್ಚಿಯನ್ನು ಜನರು ಅಷ್ಟು ಹೊತ್ತು ನೋಡಿದರೆಂದರೆ, ನೆನಪಿನ ಬೆಲೆ ಎಷ್ಟೆಂಬುದನ್ನು ವರ್ತಕರು ಚೆನ್ನಾಗಿ ತೂಗಿ ನೋಡಿದ್ದಾರೆಂದೇ ಅರ್ಥ. ಕಡೆಯ ಕುರ್ಚಿ ರಾಬರ್ಟ್ ಡೌನಿ ಜೂನಿಯರನದು. 2008ರಿಂದ ಅವನು ವಹಿಸಿದ ಉಕ್ಕಿನ ವೀರನ ಪಾತ್ರವು 2019ರ ಚಿತ್ರದಲ್ಲಿ ಪ್ರಾಣತ್ಯಾಗ ಮಾಡಿತ್ತು. ಈಗ ಅವನು ಬರುವುದು ಬೇರೊಬ್ಬ ಖಳನಾಗಿ ಎಂದು 2024ರಲ್ಲೇ ಸಾರಿದ್ದರು. ಮುಖ ಮಾತ್ರ ಅದೇ, ದೇವದತ್ತ ಬೇರೆ. ಆ ಮುಖಕ್ಕೆ ಕಥೆಯಲ್ಲಿ ತಕ್ಕ ಕಾರ್ಯವನ್ನು ಕಲ್ಪಿಸದಿದ್ದರೆ ಅದು ಅಂಗಡಿಯ ಫಲಕವಾಗಿ ಉಳಿದೀತು.

ಇದಕ್ಕಿಂತಲೂ ಗಂಭೀರವಾದ ಸಂಗತಿ ಮತ್ತೊಂದಿದೆ. 2023ರಲ್ಲಿ ‘ದಿ ಫ್ಲ್ಯಾಶ್’ ಎಂಬ ಚಿತ್ರ ಬಂದಿತು. ಬ್ಯಾಟ್‌ಮನ್ ಎಂಬ ವೀರನ ಪಾತ್ರವನ್ನು 1989 ಮತ್ತು 1992ರಲ್ಲಿ ವಹಿಸಿದ್ದ ಮೈಕೇಲ್ ಕೀಟನ್ ಅದರಲ್ಲಿ ಮರಳಿ ಬಂದನು. ಅದು ಸಂತೋಷದ ಮಾತು. ಆದರೆ ಅದೇ ಚಿತ್ರದಲ್ಲಿ ಕ್ರಿಸ್ಟೋಫರ್ ರೀವನನ್ನೂ ತೋರಿಸಿದರು. 1978ರಿಂದ 1987ರ ವರೆಗೆ ನಾಲ್ಕು ಚಿತ್ರಗಳಲ್ಲಿ ಸೂಪರ್‌ಮ್ಯಾನ್ ಆಗಿದ್ದ ಆತನು 1995ರಲ್ಲಿ ಕುದುರೆಯಿಂದ ಬಿದ್ದು, ಕತ್ತಿನ ಕೆಳಗೆ ಸ್ವಾಧೀನ ತಪ್ಪಿ, 2004ರಲ್ಲಿ ತೀರಿಕೊಂಡವನು. ಕಂಪ್ಯೂಟರಿನಿಂದ ರಚಿಸಿದ ಅವನ ಆಕೃತಿ ತೆರೆಯ ಮೇಲೆ ನಿಂತಿತು. ಆ ಆಕೃತಿಯಲ್ಲಿ ಅಂದಿನ ‘ಅವನು’ ಇದ್ದನು. ಇಂದಿನ ‘ಇವನು’ ಎಲ್ಲಿ? ಬರುವುದಕ್ಕೂ ಬಾರದಿರುವುದಕ್ಕೂ ಸ್ವತಂತ್ರನಾದವನು ಬಂದರೆ ಅದು ಆಗಮನ. ಆ ಸ್ವಾತಂತ್ರ್ಯವನ್ನೇ ಕಳೆದುಕೊಂಡವನನ್ನು ತಂದು ನಿಲ್ಲಿಸಿದರೆ ಅದಕ್ಕೆ ಆಗಮನವೆಂಬ ಹೆಸರು ಸಲ್ಲದು. ಮುಪ್ಪಿಲ್ಲದ, ಬೇಸರಪಡದ, ಕರೆದಾಗಲೆಲ್ಲ ಬರುವ ಆಕೃತಿಗಾಗಿ ಯಾರೂ ಕಾಯಬೇಕಾಗಿಲ್ಲ. ಕಾಯಬೇಕಾಗಿಲ್ಲದ ಮೇಲೆ ಔತ್ಸುಕ್ಯವೂ ಇಲ್ಲ.

ಬೇರೊಂದು ಮಾರ್ಗವೂ ಇದೆ. 2018ರಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಎಂಬ ಚಿತ್ರದಲ್ಲಿ ವಕಾಂಡ ರಾಜ್ಯದ ಅರಸನ ಪಾತ್ರವನ್ನು ವಹಿಸಿದ ಚಾಡ್ವಿಕ್ ಬೋಸ್‌ಮನ್, ತನ್ನ ಕಾಯಿಲೆಯನ್ನು ಲೋಕಕ್ಕೆ ತಿಳಿಸದೆ ನಟಿಸುತ್ತಲೇ ಇದ್ದು, 2020ರ ಆಗಸ್ಟಿನಲ್ಲಿ ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ ಗತಿಸಿದನು. 2022ರ ಎರಡನೆಯ ಚಿತ್ರದಲ್ಲಿ ಮಾರ್ವೆಲ್ ಸಂಸ್ಥೆಯವರು ಆ ಅರಸನ ಪಾತ್ರಕ್ಕೆ ಬೇರೊಬ್ಬನನ್ನು ತರಲಿಲ್ಲ, ಯಂತ್ರದಿಂದ ಅವನ ರೂಪವನ್ನೂ ಕಡೆಯಲಿಲ್ಲ. ಅರಸನು ತೀರಿಕೊಂಡನೆಂಬ ವಾರ್ತೆಯಿಂದಲೇ ಕಥೆಯನ್ನು ಆರಂಭಿಸಿದರು. ಸಂಸ್ಥೆಯ ಮುದ್ರೆ ಮೂಡುವಾಗ ವಾದ್ಯವನ್ನು ನಿಲ್ಲಿಸಿ, ಆತನ ಹಳೆಯ ಚಿತ್ರಗಳನ್ನಷ್ಟೇ ಮೌನದಲ್ಲಿ ತೋರಿಸಿದರು. ಕುರ್ಚಿಗಳನ್ನು ಗಂಟೆಗಟ್ಟಲೆ ತೋರಿಸಿದ ಸಂಸ್ಥೆಯೇ ಇದನ್ನೂ ಮಾಡಿತೆಂಬುದನ್ನು ಮರೆಯಬಾರದು.

ಇದರಿಂದ ನಮ್ಮ ಅಭಿಪ್ರಾಯವು ಸ್ಪಷ್ಟವಾಯಿತೆಂದು ಭಾವಿಸುತ್ತೇವೆ. ಮರಳಿ ಬರುವ ನಟನಿಗಾಗಿ ಕಾಯುವುದು, ತನ್ನೊಡನೆ ವಯಸ್ಸಾಗುತ್ತ ಬಂದ ಒಬ್ಬ ಮರ್ತ್ಯನಿಗಾಗಿ ಕಾಯುವುದೇ ಆಗಿದೆ. ಅವನು ಬಾರದೆ ಇರಬಹುದೆಂಬ ಅಂಜಿಕೆಯೇ ಆ ಕಾಯುವಿಕೆಗೆ ರುಚಿಯನ್ನೂ ಗೌರವವನ್ನೂ ಕೊಡುತ್ತದೆ. ಮನೆಯ ಹುಡುಗನು ಇಂಥ ಚಿತ್ರವೊಂದಕ್ಕಾಗಿ ದಿನವೆಣಿಸುತ್ತಿದ್ದರೆ ಹಿರಿಯರು ಅವನನ್ನು ಗದರದೆ, ಯಾರು ಬರುತ್ತಾರಪ್ಪ ಎಂದು ಕೇಳಿ ನೋಡಲಿ. ಅವನು ಒಂದು ಹೆಸರನ್ನು ಹೇಳುತ್ತಾನೆ. ಆ ನಟನನ್ನು ಮೊದಲು ಯಾವ ವರ್ಷ ಕಂಡೆನೆಂಬುದನ್ನೂ, ಅಂದು ಪಕ್ಕದಲ್ಲಿ ಯಾರು ಕುಳಿತಿದ್ದರೆಂಬುದನ್ನೂ ಹೇಳುತ್ತಾನೆ. ಅಷ್ಟನ್ನು ಕೇಳಿದಮೇಲೆ, ಟಿಕೇಟು ಒಂದೇ ಸಾಕೆ, ಎರಡು ತರಿಸೋಣವೆ ಎಂದು ಹಿರಿಯರೇ ವಿಚಾರಿಸಿದರೆ ಆಶ್ಚರ್ಯವಿಲ್ಲ.