‘ರೈವಲ್’ ಎಂಬ ಕ್ರಿಯಾಪದ: ಹಗೆಯೋ, ಸಾಟಿಯೋ?

ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರಿಸುವ ಪತ್ರಿಕೆಯ ಉತ್ತರಗಳನ್ನು ಪರಿಶೀಲಿಸುವಾಗ ಒಂದು ಬಗೆಯ ತೊಡಕು ನನಗೆ ಮೇಲಿಂದ ಮೇಲೆ ಎದುರಾಗಿದೆ. ‘ಈ ಕೋಟೆ ಯುರೋಪಿನ ಯಾವುದೇ ಕೋಟೆಯನ್ನು ರೈವಲ್ ಮಾಡುತ್ತದೆ’ ಎಂಬಂಥ ವಾಕ್ಯ ಬಂದರೆ ವಿದ್ಯಾರ್ಥಿಗಳು ‘ಯುರೋಪಿನ ಕೋಟೆಗಳೊಡನೆ ಸ್ಪರ್ಧಿಸುತ್ತದೆ’ ಎಂದು ಬರೆಯುತ್ತಾರೆ. ‘ಎದುರಾಳಿಯಾಗಿದೆ’ ಎಂದು ಬರೆದವರೂ ಉಂಟು. ಕಲ್ಲಿನ ಕೋಟೆ ಇನ್ನೊಂದು ಕೋಟೆಯ ಮೇಲೆ ಸ್ಪರ್ಧೆಗಿಳಿಯುವುದು ಹೇಗೆ? ಮೂಲದ ಅಭಿಪ್ರಾಯ ಇಷ್ಟೇ: ಈ ಕೋಟೆ ಯುರೋಪಿನ ಯಾವ ಕೋಟೆಗೂ ಕಡಿಮೆಯದಲ್ಲ.

ಇದು ಕೇವಲ ಇಂಗ್ಲಿಷಿನ ಅಜ್ಞಾನದಿಂದ ಆದ ತಪ್ಪಲ್ಲ, ನಮ್ಮ ಭಾಷೆಯ ಒಂದು ಹಳೆಯ ತಿಳಿವಳಿಕೆಯನ್ನು ನಾವು ಬೋಧನೆಯಲ್ಲಿ ಕೈಬಿಟ್ಟುದರ ಫಲವೂ ಹೌದು ಎಂಬುದು ನನ್ನ ಅಭಿಪ್ರಾಯ.

ಮೊದಲು ಕ್ರಿಯಾಪದದ ಸ್ವರೂಪವನ್ನು ಗಮನಿಸೋಣ. ‘ಕಂಪೀಟ್’ ಮತ್ತು ‘ವೈ’ ಎಂಬ ಕ್ರಿಯಾಪದಗಳು ಅಕರ್ಮಕಗಳು. ಯಾರೊಡನೆ, ಯಾವುದಕ್ಕಾಗಿ ಎಂಬ ಎರಡು ಆಕಾಂಕ್ಷೆಗಳನ್ನು ಅವು ಹುಟ್ಟಿಸುತ್ತವೆ. ಅಲ್ಲಿ ಇಬ್ಬರ ನಡುವೆ ಮೂರನೆಯದೊಂದು ಇರುತ್ತದೆ. ಅದು ಪದವಿಯಾಗಬಹುದು, ಬಹುಮಾನವಾಗಬಹುದು. ಇಂದಿನ ಬಳಕೆಯ ‘ರೈವಲ್’ ಹಾಗಲ್ಲ. ಅದು ಸಕರ್ಮಕ, ನೇರವಾಗಿ ಕರ್ಮವನ್ನು ಹಿಡಿಯುತ್ತದೆ. ಅದಕ್ಕೆ ಬಹುಮಾನ ಬೇಕಿಲ್ಲ, ಕರ್ತೃವಿಗೆ ಗೆಲ್ಲುವ ಇಚ್ಛೆಯೂ ಬೇಕಿಲ್ಲ. ಆದುದರಿಂದಲೇ ಕೋಟೆ, ಕಾವ್ಯ, ಸೂರ್ಯಾಸ್ತ ಯಾವುದಾದರೂ ಅದರ ಕರ್ತೃವಾಗಬಲ್ಲದು. ಅದರ ಕೆಲಸ ಹೋರಾಟವನ್ನು ಹೇಳುವುದಲ್ಲ, ತೂಗಿ ನೋಡುವುದು.

ಈ ಪದದ ಚರಿತ್ರೆಯೂ ಗಮನಾರ್ಹವಾಗಿದೆ. ಲ್ಯಾಟಿನ್ನಿನಲ್ಲಿ ‘ರೀವುಸ್’ ಎಂದರೆ ತೊರೆ ಅಥವಾ ಕಾಲುವೆ. ಒಂದೇ ಕಾಲುವೆಯ ನೀರನ್ನು ಬಳಸುವವನು ‘ರೀವಾಲಿಸ್’. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಂತೆ ಸಂಕಲಿತವಾದ ರೋಮನ್ ನ್ಯಾಯಸಂಗ್ರಹದಲ್ಲಿ, ನೀರಿನ ಬಳಕೆಯ ವ್ಯಾಜ್ಯದ ಸಂದರ್ಭದಲ್ಲಿ, ಈ ಪದ ಇದೇ ಅರ್ಥದಲ್ಲಿ ಬಂದಿದೆ. ಕೆರೆಯ ನೀರನ್ನು ಸರದಿಯಂತೆ ಬಿಡುವ ನೀರುಗಂಟಿಯನ್ನು ಬಲ್ಲ, ನದಿನೀರಿನ ಹಂಚಿಕೆಯ ವಿವಾದಗಳನ್ನು ಕಂಡ ಕನ್ನಡಿಗರಿಗೆ ಈ ಅರ್ಥವಿಕಾಸವನ್ನು ವಿವರಿಸಿ ಹೇಳಬೇಕಾಗಿಲ್ಲ. ಪಾಲುಗಾರನೇ ಎದುರಾಳಿಯಾಗುತ್ತಾನೆ.

ಷೇಕ್ಸ್‌ಪಿಯರನಲ್ಲಿ ಈ ಎರಡು ಅರ್ಥಗಳೂ ದೊರೆಯುತ್ತವೆ. ‘ಹ್ಯಾಮ್ಲೆಟ್’ ನಾಟಕದ ಮೊದಲ ದೃಶ್ಯದಲ್ಲಿ ಕಾವಲುಗಾರನೊಬ್ಬ ತನ್ನೊಡನೆ ಕಾವಲು ನಿಲ್ಲುವವರನ್ನು ‘ರೈವಲ್’ಗಳೆಂದು ಕರೆಯುತ್ತಾನೆ, ಅಲ್ಲಿ ಅದರ ಅರ್ಥ ಜೊತೆಗಾರರು ಎಂದೇ. 1608ರಲ್ಲಿ ಮೊದಲು ಅಚ್ಚಾದ ‘ಕಿಂಗ್ ಲಿಯರ್’ ನಾಟಕದಲ್ಲಿ, ಕಿರಿಯ ಮಗಳ ಕೈಹಿಡಿಯಲು ಇಬ್ಬರು ವರರು ನಡೆಸಿದ ಪೈಪೋಟಿಯನ್ನು ಹೇಳುವಾಗ ದೊರೆ ಇದನ್ನೇ ಅಕರ್ಮಕ ಕ್ರಿಯಾಪದವನ್ನಾಗಿ ಬಳಸುತ್ತಾನೆ. ಆ ಅಕರ್ಮಕ ಪ್ರಯೋಗ ಈಗ ಬಳಕೆಯಿಂದ ಮರೆಯಾಗಿದೆ. ಉಳಿದಿರುವುದು ‘ಸರಿಗಟ್ಟು’ ಎಂಬ ಸಕರ್ಮಕ ಪ್ರಯೋಗ.

ಪಾಲುಗಾರಿಕೆಯಿಂದ ಹಗೆಗೆ ಸಾಗಿದ ಈ ದಾರಿ ನಮಗೆ ಹೊಸತೇನಲ್ಲ. ‘ದಾಯ’ವೆಂದರೆ ಪಿತ್ರಾರ್ಜಿತದ ಪಾಲು. ಅದನ್ನು ಪಡೆಯುವವನು ದಾಯಾದ. ಆದರೆ ಕನ್ನಡದಲ್ಲಿ ‘ದಾಯಾದಿ’ ಎಂದೊಡನೆ ಮತ್ಸರ ನೆನಪಿಗೆ ಬರುತ್ತದೆ. ಸಂಸ್ಕೃತದ ‘ಸಪತ್ನೀ’ಯೇ ನಮ್ಮ ಸವತಿ, ಅದರಿಂದ ಹುಟ್ಟಿದ ಪುಲ್ಲಿಂಗದ ‘ಸಪತ್ನ’ ಎಂಬುದಕ್ಕೆ ಶತ್ರುವೆಂದೇ ಅರ್ಥ. ಸೋದರನ ಮಗನನ್ನು ಹೇಳುವ ‘ಭ್ರಾತೃವ್ಯ’ಕ್ಕೆ ಎದುರಾಳಿ ಎಂಬ ಅರ್ಥವೂ ಇರುವುದನ್ನು ಪಾಣಿನಿ ಪ್ರತ್ಯೇಕ ಸೂತ್ರದಲ್ಲಿಯೇ ಹೇಳಿದ್ದಾನೆ. ಪಂಪಭಾರತದಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ದಾಯಾದ್ಯದ ಕಥೆಯನ್ನೇ ಮತ್ತೆ ಮತ್ತೆ ಹೇಳಿದ್ದಾರೆ.

ಇದಕ್ಕಿಂತ ಮುಖ್ಯವಾದುದು ಅಲಂಕಾರಶಾಸ್ತ್ರದ ಸಾಕ್ಷ್ಯ. ದಂಡಿಯು ‘ಕಾವ್ಯಾದರ್ಶ’ದ ಎರಡನೆಯ ಪರಿಚ್ಛೇದದಲ್ಲಿ ಸಾದೃಶ್ಯವನ್ನು ಸೂಚಿಸುವ ಪದಗಳನ್ನು ಪಟ್ಟಿಮಾಡುತ್ತಾನೆ. ಅದರಲ್ಲಿ ಇವ, ವತ್ ಮೊದಲಾದವುಗಳ ಜೊತೆಗೆ ಸ್ಪರ್ಧಿಸುವುದು, ಗೆಲ್ಲುವುದು, ದ್ವೇಷಿಸುವುದು, ನಿಂದಿಸುವುದು, ನಗುವುದು ಎಂಬ ಅರ್ಥದ ಕ್ರಿಯಾಪದಗಳೂ ಇವೆ. ಚಂದ್ರನನ್ನು ಗೆಲ್ಲುವ ಮೊಗ ಎಂದರೆ ಚಂದ್ರನಂತಿರುವ ಮೊಗ ಎಂದೇ ತಾತ್ಪರ್ಯ. ದಂಡಿಯ ಜಾಡಿನಲ್ಲಿ ಅಲಂಕಾರಗಳನ್ನು ವಿವರಿಸಿದ ‘ಕವಿರಾಜಮಾರ್ಗ’ದ ಕಾಲದಿಂದ ಕನ್ನಡ ಕಾವ್ಯವು ಈ ಬಗೆಯ ಉಕ್ತಿಗಳನ್ನು ತನ್ನದಾಗಿಸಿಕೊಂಡಿದೆ. ಸರಿಸಮನಾದುದು ಮಾತ್ರ ಸೆಣಸಬಲ್ಲದು. ಆದುದರಿಂದ ಸೆಣಸು ಎಂಬುದೇ ಸಾಮ್ಯದ ಸೂಚನೆ. ‘ರೈವಲ್’ ಕ್ರಿಯಾಪದದ ಇಂದಿನ ಅರ್ಥದ ತಿರುಳು ಇದೇ.

ಹಾಗಾದರೆ ‘ಸ್ಪರ್ಧಿಸುತ್ತದೆ’ ಎಂದು ಬರೆದ ವಿದ್ಯಾರ್ಥಿಯನ್ನು ದಂಡಿಯೇ ಸಮರ್ಥಿಸುತ್ತಾನಲ್ಲ ಎಂದು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಆದರೆ ಹೊಸಗನ್ನಡದಲ್ಲಿ ‘ಸ್ಪರ್ಧಿಸು’ ತನ್ನ ವ್ಯಾಪ್ತಿಯನ್ನು ಕಿರಿದುಮಾಡಿಕೊಂಡಿದೆ. ಚುನಾವಣೆ, ಕ್ರೀಡೆ, ಉದ್ಯೋಗದ ಪರೀಕ್ಷೆ ಇವುಗಳ ಸುತ್ತ ಸುತ್ತಿದ ಆ ಪದದಿಂದ ಸಾಮ್ಯದ ಧ್ವನಿ ಬಹುಮಟ್ಟಿಗೆ ಮಾಯವಾಗಿದೆ. ಆ ಧ್ವನಿಯನ್ನು ಉಳಿಸಿಕೊಂಡ ಮಾತುಗಳು ಬೇರೆ ಇವೆ: ಸರಿಗಟ್ಟು, ಸಾಟಿಯಾಗು, ಸರಿದೊರೆಯಾಗು, ಹೆಗಲೆಣೆಯಾಗಿ ನಿಲ್ಲು. ‘ಅನ್‌ರೈವಲ್ಡ್’ ಎಂಬುದಕ್ಕೆ ನಾವು ಸಹಜವಾಗಿ ಹೇಳುವ ಎಣೆಯಿಲ್ಲದ, ಸಾಟಿಯಿಲ್ಲದ, ಅಸದೃಶ ಎಂಬ ಮಾತುಗಳಲ್ಲಿ ಹಗೆಯ ಸುಳಿವೇ ಇಲ್ಲ. ದಸರಾ ಕುಸ್ತಿಗೆ ಮುನ್ನ ಮೈಸೂರಿನಲ್ಲಿ ಎದುರಾಳಿ ಪೈಲ್ವಾನರನ್ನು ಗೊತ್ತುಪಡಿಸುವುದಕ್ಕೆ ‘ಜೋಡಿ ಕಟ್ಟುವುದು’ ಎನ್ನುತ್ತಾರೆ. ಸೆಣಸಲಿರುವವರು ಜೋಡಿಯೆಂಬ ತಿಳಿವು ಆಡುಮಾತಿನಲ್ಲಿ ಇಂದಿಗೂ ಜೀವಂತವಾಗಿದೆ.

ಆದ್ದರಿಂದ ಬೋಧನೆಯಲ್ಲಿ ಎರಡು ಮಾರ್ಪಾಡುಗಳು ಅಗತ್ಯವೆಂದು ತೋರುತ್ತದೆ. ಒಂದು, ಕ್ರಿಯಾಪದಕ್ಕೆ ಒಂಟಿ ಸಮಾನಪದವನ್ನು ಕೊಡುವ ಬದಲು ವಿಭಕ್ತಿಯೊಡನೆ ಕಲಿಸಬೇಕು. ‘ಅವನೊಡನೆ ಸ್ಪರ್ಧಿಸು’, ‘ಅವನನ್ನು ಸರಿಗಟ್ಟು’, ‘ಅವನಿಗೆ ಸಾಟಿಯಾಗು’ ಎಂಬ ಮೂರನ್ನು ಒಟ್ಟಿಗೆ ಇಟ್ಟರೆ ಅರ್ಥದ ಅಂತರ ತಾನಾಗಿಯೇ ತಿಳಿಯುತ್ತದೆ. ಎರಡು, ಭಾಷಾಂತರದ ತರಗತಿಗೂ ಕಾವ್ಯಮೀಮಾಂಸೆಯ ತರಗತಿಗೂ ನಡುವೆ ನಾವು ಎಬ್ಬಿಸಿಕೊಂಡಿರುವ ಗೋಡೆ ಬೀಳಬೇಕು. ಉಪಮಾವಾಚಕಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವಿದ್ಯಾರ್ಥಿಯೇ ಮುಂದಿನ ಗಂಟೆಯಲ್ಲಿ ಈ ಕ್ರಿಯಾಪದದ ಮುಂದೆ ತಡವರಿಸುತ್ತಾನೆ. ತಾನು ಓದಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆಂದು ಅವನಿಗೆ ಯಾರೂ ಹೇಳಿಲ್ಲ. ಅದನ್ನು ಹೇಳಬೇಕಾದವರು ಕನ್ನಡ ಅಧ್ಯಾಪಕರಾದ ನಾವು.